ರೀಲ್ ಕ್ಯಾಮೆರಾದಲ್ಲಿ ಊರಿನ ಕಥೆ

ಪ್ರಶ್ನೆ: ನಿವೃತ್ತ ಅಧ್ಯಾಪಿಕೆಯಾದ ನಾನು ತಂದೆಯವರ ಹಳೆಯ ರೀಲ್ ಕ್ಯಾಮೆರಾದಲ್ಲಿ ನಮ್ಮೂರಿನ ಬೀಡಿ ಕಟ್ಟುವ, ಅಡಕೆ ಸುಲಿಯುವ ಹೆಂಗಸರ ಬದುಕನ್ನು ದಾಖಲಿಸಬೇಕೆಂದಿದ್ದೇನೆ. ಮೊಬೈಲ್ ಇರುವಾಗ ಇದಕ್ಕೆ ಅರ್ಥವಿದೆಯೆ? ನನ್ನ ಒಂಟಿತನಕ್ಕೂ ಇದರಿಂದ ಸಮಾಧಾನ ಸಿಕ್ಕೀತೆ?
– ಓದುಗರು, ಕುಂಬಳೆ

ಉತ್ತರ: ಖಂಡಿತವಾಗಿಯೂ ಅರ್ಥವಿದೆ. 35 ಮಿ.ಮೀ. ರೀಲಿನಲ್ಲಿ ಸಾಮಾನ್ಯವಾಗಿ 36 ಚಿತ್ರಗಳಷ್ಟೇ ದೊರೆಯುವುದರಿಂದ, ಗುಂಡಿ ಒತ್ತುವ ಮೊದಲು ಎದುರಿಗಿರುವವರೊಡನೆ ಕುಳಿತು ಮಾತನಾಡುವ, ಜಗಲಿಗೆ ಬೆಳಕು ಬರುವವರೆಗೆ ಕಾಯುವ ತಾಳ್ಮೆ ತಾನಾಗಿ ಬರುತ್ತದೆ. ಒಂಟಿತನವನ್ನು ಕಡಿಮೆ ಮಾಡುವುದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಈ ಮಾತುಕತೆಯೇ ಎಂದು ನಾನು ನಂಬುತ್ತೇನೆ. ನಿದ್ದೆಗೆಡಿಸುವಷ್ಟು ದುಃಖವಿದ್ದರೆ ಮಾತ್ರ ವೈದ್ಯರನ್ನೂ ಕಾಣಿರಿ.

1956ರಲ್ಲಿ ಕೇರಳಕ್ಕೆ ಸೇರಿದ ನಿಮ್ಮ ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳು ಅಕ್ಕಪಕ್ಕದಲ್ಲೇ ಬಾಳುತ್ತಿರುವುದರಿಂದ, ಪ್ರತಿಯೊಂದು ಚಿತ್ರದ ಜೊತೆಗೆ ಆ ವ್ಯಕ್ತಿಯ ಮಾತನ್ನು ಅವರದೇ ಭಾಷೆಯಲ್ಲಿ ಬರೆದಿಡಿ. ಮುಂಚಿತವಾಗಿ ಒಪ್ಪಿಗೆ ಕೇಳಿರಿ. ಭೂತಕೋಲ, ತೆಯ್ಯಂನಂತಹ ದೈವಾರಾಧನೆಯ ಸ್ಥಳದಲ್ಲಂತೂ ಇದು ಅತ್ಯಗತ್ಯ. ಚಿತ್ರದ ಒಂದು ಪ್ರತಿ ಅವರ ಮನೆಗೂ ತಲುಪಲಿ.

ಮಳೆಗಾಲದ ಮಂದ ಬೆಳಕಿಗೆ 400 ಐ.ಎಸ್.ಒ. (ರೀಲು ಬೆಳಕನ್ನು ಗ್ರಹಿಸುವ ಶಕ್ತಿಯ ಅಳತೆ) ರೀಲು ಅನುಕೂಲ. ಕರಾವಳಿಯ ತೇವಕ್ಕೆ ಲೆನ್ಸಿನಲ್ಲಿ ಬೂಷ್ಟು ಹಿಡಿಯುವುದರಿಂದ, ಕ್ಯಾಮೆರಾವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಯಾದ ಡಬ್ಬದಲ್ಲಿಟ್ಟು, ಮುಗಿದ ರೀಲನ್ನು ತಡಮಾಡದೆ ತೊಳೆಸಿರಿ (ಡೆವಲಪ್ ಮಾಡಿಸಿರಿ).