ವೇದಿಕೆ ಮೇಲೆ ಕೈಗಳನ್ನು ಎಲ್ಲಿಡಬೇಕು? ಭಾಷಣದಲ್ಲಿ ಶೇ. 55 ಪಾಲು ದೇಹಭಾಷೆಯದ್ದೇ ಅನ್ನೋದು ನಿಜವಾ?

ಆ 55ರ ಲೆಕ್ಕ ಮೊದಲು ತಲೆಯಿಂದ ತೆಗೆದುಹಾಕಿ. 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಬಿಡಿ ಪದಗಳು, ಹೇಳಿದ ದನಿ, ಮುಖದ ಫೋಟೋ ಇವು ಒಂದಕ್ಕೊಂದು ತಾಳೆಯಾಗದಿದ್ದಾಗ ಹೇಳಿದವರ ಮನಸ್ಸಲ್ಲಿ ಇರೋದು ಇಷ್ಟವೋ ಅನಿಷ್ಟವೋ ಅಂತ ಕೇಳುಗರು ಹೇಗೆ ಊಹಿಸ್ತಾರೆ, ಅಷ್ಟೇ ಅಲ್ಲಿ ನೋಡಿದ್ದು. 55 ಸಿಕ್ಕಿದ್ದೂ ಮುಖಕ್ಕೆ, ಕೈಗಲ್ಲ. ಭಾಷಣಕ್ಕೂ ಇದೇ ಲೆಕ್ಕ ಆಗಿದ್ದಿದ್ರೆ ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ ಅರ್ಧಕ್ಕರ್ಧ ಅರ್ಥ ಆಗಬೇಕಿತ್ತಲ್ಲ!

ಈಗ ಕೈ ವಿಷಯ. ನನ್ನ ಮೊದಲ ಭಾಷಣಕ್ಕೆ ಪೂರ್ತಿ ಬರೆದುಕೊಂಡ ಎ4 ಹಾಳೆ ಹಿಡಿದು ಹತ್ತಿದ್ದೆ. ಬೆರಳು ನಡುಗಿದ್ದು ಸ್ವಲ್ಪವೇ, ಹಾಳೆಯ ತುದಿ ಮಾತ್ರ ಪಟಪಟ ಹೊಡೆದುಕೊಳ್ತಿತ್ತು. ಮೈಕ್ ಪಕ್ಕದಲ್ಲೇ ಇದ್ದಿದ್ದರಿಂದ ಆ ಸದ್ದೂ ಸಭೆಗೆಲ್ಲ ಕೇಳಿಸ್ತು. ಅವತ್ತಿಂದ ಅಂಗೈಯಗಲದ ದಪ್ಪ ಕಾರ್ಡು, ಅದರಲ್ಲಿ ನಾಲ್ಕೈದು ಪದ. ಕಾರ್ಡು ನಡುಗಿದರೂ ಕಾಣಲ್ಲ.

ಆಮೇಲೆ ಯಾರೋ ಹೇಳಿದರು ಅಂತ ಕನ್ನಡಿ ಮುಂದೆ ಕೈಸನ್ನೆ ಅಭ್ಯಾಸ ಮಾಡಿದೆ. ದೊಡ್ಡ ತಪ್ಪು. ಕಲಿತ ಸನ್ನೆ ಯಾವಾಗಲೂ ಮಾತಿಗಿಂತ ಒಂದು ಗಳಿಗೆ ತಡವಾಗಿ ಬರುತ್ತೆ. "ದೊಡ್ಡದು" ಅಂದು ಮುಗಿದ ಮೇಲೆ ಕೈ ಅಗಲ ಆಗುತ್ತೆ, ನೋಡೋರಿಗೆ ನಗು. ಸನ್ನೆಯನ್ನು ಯಾರೂ ಕಲಿಸಬೇಕಿಲ್ಲ. ಹುಟ್ಟಿನಿಂದ ಕಣ್ಣು ಕಾಣದವರೂ ಮಾತಾಡುವಾಗ ಕೈ ಆಡಿಸ್ತಾರೆ, ಎದುರಿಗಿರೋರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದರೂ ಆಡಿಸ್ತಾರೆ. 1998ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹಾಗಾಗಿ ನೀವು ಮಾಡಬೇಕಾದ್ದು ಕೈಯನ್ನು ಕಟ್ಟಿಹಾಕದೇ ಇರೋದು. ಜೇಬಲ್ಲಿ ಬೇಡ, ಬೆನ್ನ ಹಿಂದೆ ಬೇಡ, ಪೋಡಿಯಂ ಅಂಚನ್ನು ಬಿಗಿಯಾಗಿ ಹಿಡಿಯೋದಂತೂ ಬೇಡವೇ ಬೇಡ. ಹೊಟ್ಟೆಯ ಮಟ್ಟದಲ್ಲಿ ಸಡಿಲವಾಗಿ ಒಂದರ ಮೇಲೊಂದಿಡಿ. ಮಾತಿಗೆ ಬಿಸಿ ಏರಿದಾಗ ತಾವೇ ಏಳ್ತವೆ.

ನನ್ನ ಅನುಭವದಲ್ಲಿ ಕೈಗಿಂತ ಹೆಚ್ಚು ಕೆಲಸ ಬೇಡೋದು ಕಾಲು. ಒಂದೇ ಕಾಲಿನ ಮೇಲೆ ಭಾರ ಹಾಕಿದರೆ ಎರಡು ನಿಮಿಷದಲ್ಲಿ ಮೈ ತೂಗೋಕೆ ಶುರು. ಎರಡೂ ಪಾದ ಊರಿ, ಮಂಡಿ ಸೆಟೆಸದೆ ನಿಲ್ಲಿ. ಓಡಾಡೋದಾದರೆ ಒಂದು ವಿಷಯ ಮುಗಿದು ಇನ್ನೊಂದಕ್ಕೆ ಹೋಗುವಾಗ ಮಾತ್ರ ನಾಲ್ಕು ಹೆಜ್ಜೆ. ಮುಖ್ಯವಾದ ಮಾತು ಹೇಳುವಾಗ ನಿಂತೇ ಹೇಳಿ.

ಕಣ್ಣಿಗೆ ಒಂದೇ ನಿಯಮ: ಒಂದು ವಾಕ್ಯ, ಒಂದು ಮುಖ. ವಾಕ್ಯ ಮುಗಿದ ಮೇಲೆ ಇನ್ನೊಂದು ಕಡೆಯ ಇನ್ನೊಂದು ಮುಖ. ಸಭಿಕರ ತಲೆಯ ಮೇಲೆ ಗೋಡೆ ನೋಡಿ ಅನ್ನೋ ಹಳೇ ಸಲಹೆ ನಂಗೆ ಸರಿಬರಲ್ಲ, ಸಣ್ಣ ಕೋಣೆಯಲ್ಲಿ ಅದು ಮುಂದಿನ ಸಾಲಿಗೆ ಕೂಡಲೇ ಗೊತ್ತಾಗುತ್ತೆ.

ಇನ್ನೊಂದು, ಫೋನಲ್ಲಿ ನಿಮ್ಮದೇ ಹತ್ತು ನಿಮಿಷದ ವಿಡಿಯೋ ಮಾಡಿ ದನಿ ಪೂರ್ತಿ ಆಫ್ ಮಾಡಿ ನೋಡಿ. ನಾನು ಪ್ರತಿ "ಆದರೆ"ಗೂ ಕನ್ನಡಕ ಮೇಲೆ ತಳ್ಳುತ್ತೀನಿ ಅಂತ ಗೊತ್ತಾಗಿದ್ದು ಹಾಗೇ. ಈಗಲೂ ಪೂರ್ತಿ ಬಿಟ್ಟಿಲ್ಲ.