ಸೈನಿಕ ಜಾಗ ತೆರವಾಗುವಾಗ ಊರಿನವರ ಅಭಿಪ್ರಾಯ ಕೇಳಲೇಬೇಕೆ?

ನಿಮ್ಮ ಊರಿನ ಸೈನಿಕ ಜಾಗವನ್ನು ಮುಚ್ಚುವ ಮೊದಲು ಸ್ಥಳೀಯರನ್ನು ಕೇಳುವುದು ಕಡ್ಡಾಯವೇ, ಕೇಳಿದರೆ ಏನು ಹೇಳಬೇಕು ಎಂದು ವಿಚಾರಿಸಿದ್ದೀರಿ. ನಾನು ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತ ಕುಟುಂಬದವನು. 1986ರಲ್ಲಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಿಂದ ಕಾರ್ಯಾರಂಭವಾದ ನೌಕಾನೆಲೆಗೆ ನಮ್ಮ ಮನೆ, ಗದ್ದೆ ಎರಡೂ ಹೋದವು. ನೆಲೆ ಮುಚ್ಚಿದ್ದನ್ನು ನಾನು ಕಂಡಿಲ್ಲ, ಬಂದದ್ದನ್ನು ಕಂಡಿದ್ದೇನೆ.

ಆ ಜಾಗ ಬೆಳಗಾವಿಯಲ್ಲಿರುವಂತೆ ಕಂಟೋನ್ಮೆಂಟ್ (ದಂಡುಪ್ರದೇಶ) ಆಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆಗಿದ್ದರೆ, 2006ರ ಕಂಟೋನ್ಮೆಂಟ್ ಕಾಯ್ದೆಯಂತೆ ಅದರ ಗಡಿ ಬದಲಿಸುವ ಅಧಿಸೂಚನೆಗೆ ನಿವಾಸಿಗಳು ಎಂಟು ವಾರಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಭದ್ರತೆಯ ಕಾರಣಕ್ಕೆ ರಸ್ತೆ ಮುಚ್ಚುವುದಿದ್ದರೂ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ನಮ್ಮ ನೌಕಾನೆಲೆ ಕಂಟೋನ್ಮೆಂಟ್ ಅಲ್ಲವಾದ್ದರಿಂದ ಈ ದಾರಿ ನಮಗಿಲ್ಲ. ಪರಿಸರ ಅನುಮತಿಯ 2006ರ ಅಧಿಸೂಚನೆಯೂ ದೇಶರಕ್ಷಣೆಯ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ.

ಆದರೂ ನಿಮ್ಮಲ್ಲಿ ಜನರ ಅಹವಾಲು ಕೇಳುವ ಸಭೆ ನಡೆದರೆ ಕೊನೆಯವರೆಗೂ ಕುಳಿತಿರಿ. ಇಲ್ಲಿಯ ಬೇರೊಂದು ಯೋಜನೆಯ ಅಹವಾಲು ಸಭೆಯಲ್ಲಿ ನಮ್ಮ ನೆರೆಮನೆಯ ಅಜ್ಜ ಎದ್ದು ನಿಂತು, ದೋಣಿ ಎಳೆಯುವ ಮರಳದಂಡೆ ಎಲ್ಲಿಂದ ಎಲ್ಲಿಯವರೆಗೆ ಬೇಕು, ದಡದಿಂದ ಎಳೆಯುವ ಏಂಡಿ ಬಲೆ ಒಣಗಿಸಲು ಎಷ್ಟು ಜಾಗ ಬೇಕು ಎಂಬುದನ್ನು ಕೈಚಾಚಿ ತೋರಿಸುತ್ತ ಹತ್ತು ನಿಮಿಷ ವಿವರಿಸಿದ್ದರು. ನಡಾವಳಿಯನ್ನು ಸಭೆಯ ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ, ಆದರೆ ಅಷ್ಟರಲ್ಲಿ ನಾವೆಲ್ಲ ಸಂಜೆಯ ಬಸ್ಸಿಗೆಂದು ಎದ್ದು ಬಂದಿದ್ದೆವು. ಮುಂದೆ ಪ್ರತಿ ತರಿಸಿಕೊಂಡು ನೋಡಿದರೆ ಅಜ್ಜನ ಮಾತೆಲ್ಲ ‘ಮೀನುಗಾರರು ಸೂಕ್ತ ವ್ಯವಸ್ಥೆ ಕೋರಿದರು’ ಎಂಬ ಒಂದೇ ಸಾಲಾಗಿತ್ತು. ಆ ಸಾಲು ನನಗೆ ಇಂದಿಗೂ ನೋವು ಕೊಡುತ್ತದೆ.

ತೆರವಾದ ಜಾಗ ಯಾರಿಗೆ ಹೋಗುತ್ತದೆ ಎಂಬುದನ್ನೂ ಈಗಲೇ ಕೇಳಿ. 2013ರ ಭೂಸ್ವಾಧೀನ ಕಾಯ್ದೆಯಡಿ ಪಡೆದ ಭೂಮಿ ಐದು ವರ್ಷ ಬಳಕೆಯಾಗದೆ ಉಳಿದರೆ ಮೂಲ ಮಾಲೀಕರಿಗೆ ಅಥವಾ ಬಳಕೆಯಾಗದ ಜಮೀನು ನೋಡಿಕೊಳ್ಳುವ ಸರ್ಕಾರದ ಭೂಬ್ಯಾಂಕಿಗೆ ಮರಳಬೇಕು. ನಮ್ಮ ಭೂಮಿ ಹೋದ 1894ರ ಕಾಯ್ದೆಯಲ್ಲಿ ಅಂಥ ಕಲಮು ಇರಲಿಲ್ಲ. ಆದ್ದರಿಂದ ಸರ್ವೆ ನಂಬರು, ಹಳೆಯ ಕಾಲುದಾರಿ, ದನ ಮೇಯುವ ಬೇಣ, ಬಾವಿ, ದೇವರ ಸ್ಥಳ ಎಲ್ಲವನ್ನೂ ನಕ್ಷೆಯ ಮೇಲೆ ಗುರುತಿಸಿ ಬರವಣಿಗೆಯಲ್ಲೇ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರನ್ನೂ ದಿನಾಂಕವನ್ನೂ ಹಾಕಿಸಿಕೊಂಡೇ ಕಚೇರಿಯಿಂದ ಹೊರಬನ್ನಿ.