ನಾಯಿಮರಿ, ಬೆಕ್ಕು ಇರುವ ಮನೆಯಲ್ಲಿ ಕಣಗಿಲೆ ಗಿಡ ಇರಬಹುದಾ?

ಎರಡು ತಿಂಗಳ ಮರಿ ತಂದಿದ್ದೀರಿ, ಬೆಕ್ಕೂ ಇದೆ. ಅಂಗಳದ ಕಣಗಿಲೆ ಕಡಿಸಬೇಕಾ, ಇನ್ನೇನೇನು ದೂರ ಇಡಬೇಕು ಅಂತ ಕೇಳಿದ್ದೀರಿ.

ಕಡಿಸಿಬಿಡಿ. ಕಣಗಿಲೆಯ ಎಲೆ, ಹೂವು, ಕಡ್ಡಿ, ಬೇರು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಹಾಗಾಗಿ ಕಡಿದ ಕೊಂಬೆಗಳನ್ನು ಹಿತ್ತಲ ಮೂಲೆಯಲ್ಲಿ ಒಟ್ಟಬೇಡಿ. ಹಲ್ಲು ಬರುವ ವಯಸ್ಸಿನ ಮರಿ ಕಡ್ಡಿ ಕಂಡರೆ ಬಿಡುತ್ತದಾ? ಪೂಜೆಗೆ ಮಲ್ಲಿಗೆ, ಗುಲಾಬಿ ಹಾಕಿಕೊಳ್ಳಿ. ಗುಲಾಬಿಗೆ ಹರಳು ಹಿಂಡಿ ಮಾತ್ರ ಬೇಡ. ಅದರ ವಾಸನೆಗೆ ನಾಯಿಗಳು ಮಣ್ಣು ಕೆದಕಿ ತಿನ್ನುತ್ತವೆ, ಹರಳಿನ ವಿಷ ಅದರಲ್ಲಿ ಉಳಿದಿರಬಹುದು.

ಆದರೆ ನನಗೆ ಗಿಡಕ್ಕಿಂತ ಜಾಸ್ತಿ ಭಯ ಇಲಿ ಪಾಷಾಣದ್ದು. ನಾಲ್ಕು ವರ್ಷದ ಹಿಂದೆ ನಮ್ಮ ಕರಿಯ, ಬೀದಿಯಿಂದ ತಂದು ಸಾಕಿದ ನಾಯಿ, ಅಕ್ಕಿ ಮೂಟೆ ಹಿಂದೆ ಇಟ್ಟಿದ್ದ ನೀಲಿ ಇಲಿ ಕೇಕ್ ತಿಂದಿದ್ದ. ಹರಿದ ಕವರ್ ನಾನೇ ನೋಡಿದೆ. ಅವನು ಬಾಲ ಆಡಿಸಿಕೊಂಡು ಊಟ ಮಾಡಿದ, ಮಾರನೇ ದಿನವೂ ಓಡಾಡಿದ. ಇಲಿಯೇ ತಿಂದಿರಬೇಕು ಅಂತ ಸುಮ್ಮನಾದೆ. ನಾಲ್ಕನೇ ದಿನ ಬೆಳಿಗ್ಗೆ ಕರೆದರೆ ಏಳಲಿಲ್ಲ. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

ಆ ಕೇಕಿನಲ್ಲಿದ್ದದ್ದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸ ಮಾಡದ ಹಾಗೆ ಅದು ತಡೆಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ದೇಹದಲ್ಲಿ ಮೊದಲೇ ಇದ್ದದ್ದು ಮುಗಿಯುವವರೆಗೆ, ಸಾಮಾನ್ಯವಾಗಿ 3ರಿಂದ 5 ದಿನ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ನಾಲ್ಕು ವಾರ ವಿಟಮಿನ್ ಕೆ1 ಕೊಟ್ಟ ಮೇಲೆ ಕರಿಯ ಉಳಿದ. ಕವರ್ ಕಂಡ ದಿನವೇ ಹೋಗಿದ್ದರೆ ಅವನಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ.

ಎಲ್ಲ ಇಲಿ ಪಾಷಾಣವೂ ಒಂದೇ ಅಲ್ಲ. ಬೋಂಡಾದಲ್ಲೋ ಟೊಮೆಟೊದಲ್ಲೋ ಬೆರೆಸಿ ಇಡುವ ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷದ ಅನಿಲವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಇದಕ್ಕೆ ವಿಟಮಿನ್ ಕೆ ಉಪಯೋಗವಿಲ್ಲ. ನಾಯಿ ವಾಂತಿ ಮಾಡಿದರೆ ಕಿಟಕಿ ತೆರೆಯಿರಿ, ಆ ಗಾಳಿ ನಮಗೂ ಅಪಾಯ. ಅದಕ್ಕೇ ಹೇಳುವುದು, ಡಾಕ್ಟರ ಹತ್ತಿರ ಓಡುವಾಗ ಕವರ್ ಕೈಯಲ್ಲಿರಲಿ.

ಇನ್ನು ಅಡುಗೆಮನೆ. ಉಳಿದ ಅನ್ನ-ಸಾರು ನಾಯಿಗೆ ಹಾಕುವುದು ನಮ್ಮ ಕಡೆ ರೂಢಿ, ಅಲ್ವಾ? ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಬೆಕ್ಕಿಗಂತೂ ಸ್ವಲ್ಪವೇ ಸಾಕು. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಇರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರು. ನಮ್ಮ ಹುಣಸೆಹಣ್ಣಿನಲ್ಲಿ ತುಂಬಿರುವುದೂ ಅದೇ ಆಮ್ಲ. ಹುಣಸೆ ತಿಂದ ನಾಯಿಗಳ ಕಿಡ್ನಿ ಕೆಟ್ಟದ್ದೂ ವರದಿಯಾಗಿದೆ. ಮರಿಗೆ ಬರೀ ಅನ್ನ, ಬೇಯಿಸಿದ ಮೊಟ್ಟೆ ಕೊಡಿ. ಚಾಕೊಲೇಟ್, ಶುಗರ್-ಫ್ರೀ ಚೂಯಿಂಗ್ ಗಮ್ ಕೈಗೆಟುಕದ ಕಡೆ ಇರಲಿ.

ಬೆಕ್ಕಿನ ವಿಷಯದಲ್ಲಿ ಮೂರು ಮಾತು. ಜ್ವರ ಅಂತ ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಉಡುಗೊರೆ ಬಂದ ಹೂಗುಚ್ಛದಲ್ಲಿ ಲಿಲಿ ಇದ್ದರೆ ಮನೆಯೊಳಗೇ ತರಬೇಡಿ. ಮೈಗೆ ಬಿದ್ದ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತದೆ. ಮರಿಗೆ ತಂದ ಉಣ್ಣಿ ಹುಳದ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬರುತ್ತದೆ.

ಏನಾದರೂ ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ. ನಿಮ್ಮೂರಿನಲ್ಲಿ ರಾತ್ರಿ ಫೋನ್ ಎತ್ತುವ ಪಶುವೈದ್ಯರು ಯಾರು ಅಂತ ಇವತ್ತೇ ವಿಚಾರಿಸಿ, ನಂಬರ್ ಫ್ರಿಜ್ ಮೇಲೆ ಅಂಟಿಸಿ. ಪಕ್ಕದಲ್ಲೇ ಮರಿಯ ತೂಕ ಬರೆದು, ವಾರಕ್ಕೊಮ್ಮೆ ತಿದ್ದುತ್ತಾ ಇರಿ. ಏನು ತಿಂದಿತು, ಎಷ್ಟು ಹೊತ್ತಾಯಿತು ಅಂತ ಕೇಳಿದ ಮೇಲೆ ಅವರು ಕೇಳುವುದು ಅದನ್ನೇ.